2025ರ ಬೆಸ್ಟ್ ಹೊಸ ಫ್ರೀ ಸಾಫ್ಟ್‌ವೇರ್ ಯಾವ್ದು? ಒಂದೇ ಒಂದು ಹೇಳಿ, ಲಿಸ್ಟ್ ಬೇಡ

ಲ್ಯಾಬ್‌ಮೇಷ್ಟ್ರು

ಎಲ್ರಿಗೂ ನಮಸ್ಕಾರ. ನಮ್ಮ ಡಿಗ್ರಿ ಕಾಲೇಜ್ ಲ್ಯಾಬ್‌ನಲ್ಲಿ ಪ್ರತಿ ಡಿಸೆಂಬರ್‌ಗೆ ಒಂದು ರೂಢಿ ಇದೆ, ಆ ವರ್ಷ ಬಂದಿದ್ರಲ್ಲಿ ಚೆನ್ನಾಗಿರೋ ಒಂದು ಫ್ರೀ ಸಾಫ್ಟ್‌ವೇರ್ ಆರಿಸ್ಕೊಂಡು ಎಲ್ಲಾ ಸಿಸ್ಟಮ್ಮಿಗೂ ಹಾಕಿ ಮಕ್ಕಳಿಗೆ ಒಂದು ಮಧ್ಯಾಹ್ನ ಪೂರ್ತಿ ತೋರಿಸೋದು. ಈ ಸಲ ಸ್ಟಾಫ್‌ರೂಮಲ್ಲೇ ಎರಡು ಪಾರ್ಟಿ ಆಗ್ಬಿಟ್ಟಿದೆ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ಪರಿಸ್ಥಿತಿ ಹೇಳ್ಬಿಡ್ತೀನಿ. ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತಲ್ಲ, ನಮ್ಮ ಸಿಸ್ಟಮ್‌ಗಳಲ್ಲಿ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇಲ್ಲ ಹಂಗಾಗಿ 11 ಹಾಕೋಕಾಗಲ್ಲ, ಹೊಸದು ಕೊಡ್ಸಿ ಅಂದ್ರೆ ಮುಂದಿನ ಬಜೆಟ್ ನೋಡೋಣ ಅಂತಾರೆ. ದೀಪಾವಳಿ ರಜೆಯಲ್ಲಿ ಎಲ್ಲದಕ್ಕೂ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕಿದ್ವಿ. 4 ಜಿಬಿ ರ‍್ಯಾಮ್, ನೆಟ್ ಬಂದ್ರೆ ಬಂತು ಇಲ್ದಿದ್ರೆ ಇಲ್ಲ. ಕನ್ನಡ ಒಡೀಬಾರ್ದು, ಲೈಸೆನ್ಸ್ ನಿಜವಾಗ್ಲೂ ಫ್ರೀ ಇರ್ಬೇಕು, ಟ್ರಯಲ್ ಗಿಯಲ್ ಬೇಡ. ಲಿಬ್ರೆಆಫೀಸ್ ಅಂತ ಹೇಳ್ಬೇಡಿ, ಅದು ಮೊದಲೇ ಇದೆ. ಸದ್ಯಕ್ಕೆ ತಲೆಯಲ್ಲಿರೋದು ಗಿಂಪ್ 3 (ಫೋಟೋ ತಿದ್ದೋಕೆ), ಇಮ್ಮಿಚ್ (ಫೋಟೋ ಬ್ಯಾಕಪ್‌ಗೆ), ಟೈಪ್ಸ್ಟ್ (ಡಾಕ್ಯುಮೆಂಟ್ ಮಾಡೋಕೆ). ಹೊಸದು ಅಂದ್ರೆ ಹುಟ್ಟಿದ್ದೇ ಈ ವರ್ಷ ಆಗ್ಬೇಕಂತಿಲ್ಲ, ಈ ವರ್ಷ ದೊಡ್ಡ ರಿಲೀಸ್ ಬಂದಿದ್ರೂ ಸಾಕು.

ಫ್ಲೆಕ್ಸ್‌ಹುಡ್ಗ

ಮಾಸ್ತರ್ರ, ಹುಬ್ಬಳ್ಳ್ಯಾಗ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಐತ್ರಿ, ನಾ ಹೇಳೂದು ಗಿಂಪ್ 3.0, ಭಾಳ ವಿಚಾರ ಮಾಡಬ್ಯಾಡ್ರಿ. 2.10 ಬಂದಿದ್ದು 2018ರಾಗ, 3.0 ಬಂದಿದ್ದು ಈ ಮಾರ್ಚ್‌ನಾಗ, ನಡುವ ಏಳು ವರ್ಷ ಕಾದೇವಿ. ಮೊದಲ ಏನಿತ್ತಂದ್ರ, ಅಕ್ಷರಕ್ಕ ನೆರಳೋ ಏನೋ ಫಿಲ್ಟರ್ ಹಾಕಿದ್ರ ಅದು ಅಲ್ಲೇ ಪಿಕ್ಸೆಲ್ ಆಗಿ ಕುಂತುಬಿಡ್ತಿತ್ತು, ಆಮ್ಯಾಲ ಗಿರಾಕಿ ಬಂದು ಅಣ್ಣಾರ ಹೆಸರಿನ ಮುಂದ ಶ್ರೀ ಹಾಕಿಲ್ಲಲ್ರೀ ಅಂದ್ರ ಮತ್ತ ಮೊದಲಿಂದ ಕೂಡ್ಬೇಕು. ಈಗ ಎಫೆಕ್ಟ್ ಲೇಯರ್ ಮ್ಯಾಲ ಬ್ಯಾರೆನ ಇರ್ತೈತಿ, ಒಳಗಿನ ಅಕ್ಷರ ತಿದ್ದಿದ್ರ ನೆರಳೂ ಅದರ ಜೋಡಿನ ಬದಲಾಗ್ತೈತಿ, ಬ್ಯಾಡಂದ್ರ ಕಣ್ಣಿನ ಗುರುತು ಒತ್ತಿ ಬಂದ್ ಮಾಡ್ರಿ. ಯುನಿಕೋಡ್ ಕನ್ನಡ ಒತ್ತಕ್ಷರ ಎಲ್ಲಾ ಸರಿ ಬರ್ತಾವ.

ಸಿಎಂವೈಕೆ, ಅಂದ್ರ ಪ್ರಿಂಟಿಗೆ ಬೇಕಾಗೂ ನಾಕು ಬಣ್ಣದ ಪದ್ಧತಿ, ಅದೊಂದು ಮಾತ್ರ ಪೂರ್ತಿ ಆಗಿಲ್ರಿ, ಕೆಲಸ ಸ್ಕ್ರೀನಿನ ಆರ್‌ಜಿಬಿ ಬಣ್ಣದೊಳಗ ಮಾಡಿ, ಪ್ರೂಫ್ ನೋಡಿ, ಎಕ್ಸ್‌ಪೋರ್ಟ್ ಮಾಡೂಮುಂದ ಟಿಫ್ ಇಲ್ಲಾ ಜೆಪೆಗ್‌ನ ಸಿಎಂವೈಕೆಯಾಗ ಕೊಡಬೇಕು. ನಮ್ಮ ಫ್ಲೆಕ್ಸ್ ಮಶೀನಿನಾಂವ ಇಲ್ಲಿತನಾ ತಕರಾರು ಮಾಡಿಲ್ಲ. ಮತ್ತ ಹಳೇ ಪ್ಲಗಿನ್ (ಗಿಂಪ್‌ಗೆ ಜೋಡಿಸೂ ಸಣ್ಣ ಪ್ರೋಗ್ರಾಂ) ಇದ್ರ ಆಸೆ ಬಿಡ್ರಿ, ಪೈಥಾನ್ 2 ಕಾಲದ್ದು ಯಾವುದೂ ನಡ್ಯಂಗಿಲ್ಲ.

ಕೊಡಗಿನ_ಸರ್ವರ್

ನನ್ನ ವೋಟು ಇಮ್ಮಿಚ್‌ಗೆ, ಡೌಟೇ ಇಲ್ಲ. 2021 ಜೂನ್‌ನಲ್ಲಿ ಗೂಗಲ್ ಫೋಟೋಸ್ ಅನ್‌ಲಿಮಿಟೆಡ್ ನಿಲ್ಸಿದ್ಮೇಲೆ 15 ಜಿಬಿ ತುಂಬ್ತು ದುಡ್ಡು ಕೊಡಿ ಅನ್ನೋ ಮೆಸೇಜ್ ನೋಡದೇ ಇರೋರು ಯಾರಿದಾರೆ ಹೇಳಿ, ಮನೇಲಿ ಅಮ್ಮನ ಫೋನ್ ಪೂರ್ತಿ ಶುಭೋದಯ ಫೋಟೋಗಳೇ. ಇಮ್ಮಿಚ್ ಅಂದ್ರೆ ಅದೇ ಕೆಲಸ ನಮ್ಮನೇ ಕಂಪ್ಯೂಟರ್‌ನಲ್ಲಿ, ಫೋನಿಂದ ತಾನಾಗೇ ಬ್ಯಾಕಪ್ ಆಗುತ್ತೆ, ಮುಖ ಗುರುತಿಸುತ್ತೆ, ಮ್ಯಾಪ್‌ನಲ್ಲಿ ತೋರ್ಸುತ್ತೆ, ಎಲ್ಲಾ ನಮ್ಮ ಡಿಸ್ಕಲ್ಲೇ. ಎಜಿಪಿಎಲ್ ಲೈಸೆನ್ಸ್, ಅಂದ್ರೆ ಕೋಡ್ ಎಲ್ರಿಗೂ ಓಪನ್. ದುಡ್ಡು ಕೊಟ್ಟು ಸಪೋರ್ಟ್ ಮಾಡ್ಬಹುದು ಆದ್ರೆ ಕೊಡ್ದೇ ಇದ್ರೂ ಯಾವ ಫೀಚರ್ರಿಗೂ ಬೀಗ ಹಾಕಿಲ್ಲ. 2022ರಿಂದ ಇದೆ ನಿಜ, ಆದ್ರೆ ಇಷ್ಟು ದಿನ ಅವರೇ ಇದನ್ನೊಂದನ್ನೇ ನಂಬ್ಕೋಬೇಡಿ ಅಂತ ಬರ್ದಿದ್ರು, ಅಪ್‌ಡೇಟ್ ಕೊಡೋಕೆ ಮುಂಚೆ ರಿಲೀಸ್ ನೋಟ್ಸ್ ಓದ್ಲೇಬೇಕಿತ್ತು. ಈ ಅಕ್ಟೋಬರ್‌ನಲ್ಲಿ 2.0 ಬಂತು, ಸ್ಟೇಬಲ್ ಅಂತ ಅವರೇ ಹೇಳಿದ್ರು, ನನಗೆ ಈ ವರ್ಷದ ದೊಡ್ಡ ಸುದ್ದಿ ಅದೇ.

ಲ್ಯಾಬ್‌ಮೇಷ್ಟ್ರು

ಸರ್ವರ್ ಅವ್ರೇ, 4 ಜಿಬಿಯಲ್ಲಿ ಓಡುತ್ತಾ?

ಕೊಡಗಿನ_ಸರ್ವರ್

ಸರ್ವರ್‌ಗೆ 6 ಜಿಬಿ ಆದ್ರೂ ಬೇಕು ಸರ್, 8 ಇದ್ರೆ ಒಳ್ಳೇದು, ಮುಖ ಗುರುತಿಸೋ ಮಷೀನ್ ಲರ್ನಿಂಗ್ ಭಾಗ ತಿನ್ನುತ್ತೆ. ಅದನ್ನ ಆಫ್ ಮಾಡಿ ಓಡಿಸ್ಬಹುದು, ಆದ್ರೆ ಆಮೇಲೆ ಅದರಲ್ಲಿ ತೋರ್ಸೋಕೆ ಮಜಾ ಇರೋದೇನು. ಅದನ್ನ ಓಡ್ಸೋಕೆ ಡಾಕರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಬೇರೆ ಬೇಕು. ಲ್ಯಾಬ್‌ಗೆ ಒಂದೇ ಒಂದು ಒಳ್ಳೇ ಮಷೀನ್ ಇದ್ರೂ ಸಾಕು, ಉಳಿದವ್ರು ಬ್ರೌಸರ್‌ನಲ್ಲಿ ನೋಡ್ಬಹುದು.

ಫೈನಲ್‌ಇಯರ್_ಸಿಂಚನ

ಸರ್ ಘೋಸ್ಟಿ!! ಕಮಾಂಡ್ ಟೈಪ್ ಮಾಡೋ ಟರ್ಮಿನಲ್ ಅದು, ಪ್ಲೀಸ್ ಸರ್, ಬೇರೆ ಟರ್ಮಿನಲ್ ಎಲ್ಲ ಇದರ ಮುಂದೆ ಸಪ್ಪೆ

ಟೀಪುಡಿ

ಸಿಂಚನಾ, ಘೋಸ್ಟಿ 1.0 ಬಂದಿದ್ದು ಹೋದ ಡಿಸೆಂಬರ್ ಕೊನೇಲಿ, ಈ ವರ್ಷದ್ದು ಅಂತಲೇ ಇಟ್ಕೊಳ್ಳೋಣ ಬಿಡಮ್ಮ. ಆದ್ರೆ ಮೇಷ್ಟ್ರು ಕನ್ನಡ ಒಡೀಬಾರ್ದು ಅಂದಿದಾರೆ. ಟರ್ಮಿನಲ್ ಅಂದ್ರೇನೇ ಒಂದೇ ಅಳತೆಯ ಚೌಕಗಳ ಸಾಲು, ಕನ್ನಡ ಅಕ್ಷರ ಆ ಅಳತೆಗೆ ಕೂರಲ್ಲ, ಯಾವ ಟರ್ಮಿನಲ್ ಹಾಕಿದ್ರೂ ಅಷ್ಟೇ ಕಷ್ಟ.

ಉಳಿದವ್ರಿಗೆ ನಂದೊಂದು ಮಾತು. ಬೆಸ್ಟ್ ನ್ಯೂ ಅನ್ನೋವಾಗ ಎಲ್ರೂ ಫೀಚರ್ ನೋಡ್ತೀರ, ಇನ್ನು ಮೂರು ವರ್ಷ ಆದ್ಮೇಲೆ ಇದು ಹೀಗೇ ಫ್ರೀ ಇರುತ್ತಾ ಅಂತ ಯಾರೂ ಕೇಳಲ್ಲ. ರೆಡಿಸ್ ಅನ್ನೋ ಡೇಟಾಬೇಸ್ ಕಥೆ ನೋಡಿದ್ರಲ್ಲ. ವರ್ಷಗಟ್ಲೆ ಬಿಎಸ್‌ಡಿ ಅನ್ನೋ ಫ್ರೀ ಲೈಸೆನ್ಸ್‌ನಲ್ಲಿದ್ದ ಸಾಫ್ಟ್‌ವೇರು, 2024 ಮಾರ್ಚ್‌ನಲ್ಲಿ ಕಂಪನಿ ಲೈಸೆನ್ಸ್ ಬದಲಾಯಿಸ್ತು, ಹೊಸದು ಓಪನ್ ಸೋರ್ಸೇ ಅಲ್ಲ. ಕೆಲವೇ ದಿನದಲ್ಲಿ ಅದರಲ್ಲಿ ಕೆಲಸ ಮಾಡ್ತಿದ್ದವ್ರೇ ಹಳೇ ಕೋಡ್ ಎತ್ಕೊಂಡು ಲಿನಕ್ಸ್ ಫೌಂಡೇಶನ್ ಕೆಳಗೆ ವಾಲ್ಕಿ ಅನ್ನೋ ಇನ್ನೊಂದು ಪ್ರಾಜೆಕ್ಟ್ ಶುರು ಮಾಡಿದ್ರು. ಈ ವರ್ಷ ಮೇ ತಿಂಗಳಲ್ಲಿ ರೆಡಿಸ್ 8 ಎಜಿಪಿಎಲ್ ಸೇರಿಸ್ಕೊಂಡು ವಾಪಸ್ ಬಂತು, ಅಷ್ಟೊತ್ತಿಗೆ ಎಷ್ಟೋ ಲಿನಕ್ಸ್ ಆವೃತ್ತಿಗಳು (ಡಿಸ್ಟ್ರೋ) ವಾಲ್ಕಿ ಕಡೆ ಹೋಗಾಗಿತ್ತು. ಒಂದೇ ಕಂಪನಿ ಕೈಯಲ್ಲಿ ಪ್ರಾಜೆಕ್ಟ್ ಇದ್ರೆ ಹಿಂಗಾಗೋಕೆ ಒಂದು ಮೀಟಿಂಗ್ ಸಾಕು. ಗಿಂಪ್‌ಗೆ ಹಿಂಗೆ ಮಾಡೋಕಾಗಲ್ಲ, ಅದರ ಲೈಸೆನ್ಸ್ ಜಿಪಿಎಲ್, ಕೋಡ್ ಬರ್ದವ್ರು ನೂರಾರು ಜನ, ಅದರ ಹಿಂದೆ ಕಂಪನಿಯೇ ಇಲ್ಲ. ಏಳು ವರ್ಷ ತಡ ಆಗಿದ್ದೂ ಅದಕ್ಕೇ ಬಿಡಿ. ಆದ್ರೂ ನನ್ನ ವೋಟು ಫ್ಲೆಕ್ಸ್‌ಹುಡ್ಗನ ಕಡೆ.

ಗಣಿತದ_ಮೇಡಂ

ನೀವೆಲ್ಲ ಫೋಟೋದಲ್ಲೇ ಇದೀರ, ಕಾಲೇಜಿನಲ್ಲಿ ದಿನಾ ಆಗೋ ಕೆಲಸ ಏನು? ಪ್ರಶ್ನೆಪತ್ರಿಕೆ, ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್. ಟೈಪ್ಸ್ಟ್ ಹಾಕಿ ಸರ್. ಬರ್ಲಿನ್‌ನಲ್ಲಿ ಇಬ್ರು ಸ್ಟೂಡೆಂಟ್ಸು ಲೇಟೆಕ್ ಅನ್ನೋ ಹಳೇ ಡಾಕ್ಯುಮೆಂಟ್ ಸಾಫ್ಟ್‌ವೇರ್ ಜೊತೆ ಗುದ್ದಾಡಿ ಸಾಕಾಗಿ ಶುರು ಮಾಡಿದ್ದು ಇದು, 2023ರಲ್ಲಿ ಕೋಡ್ ಓಪನ್ ಆಯ್ತು, ಅಪಾಚೆ ಅನ್ನೋ ಫ್ರೀ ಲೈಸೆನ್ಸ್. ಲೇಟೆಕ್ ಪೂರ್ತಿ ಹಾಕೋಕೆ ಜಿಬಿಗಟ್ಲೆ ಬೇಕು, ಇದು ಒಂದೇ ಫೈಲು, ಪೆನ್‌ಡ್ರೈವ್‌ನಲ್ಲಿ ತಗೊಂಡ್ಹೋಗಿ ಎಲ್ಲಾ ಸಿಸ್ಟಮ್ಮಿಗೂ ಕಾಪಿ ಮಾಡಿದ್ರೆ ಮುಗೀತು, ನೆಟ್ಟೂ ಬೇಡ. ನಿಮ್ಮ 4 ಜಿಬಿ ಇದಕ್ಕೆ ಧಾರಾಳ. ಒಂದಕ್ಷರ ತಿದ್ದಿದ್ರೆ ಪಿಡಿಎಫ್ ಆಗಲೇ ಬದಲಾಗಿರುತ್ತೆ.

ಕನ್ನಡದಲ್ಲಿ ಪ್ರಶ್ನೆ, ಮಧ್ಯೆ ಇಂಟಿಗ್ರಲ್ಲು, ಕೆಳಗೆ ಇಂಗ್ಲಿಷಲ್ಲಿ ಅದೇ ಪ್ರಶ್ನೆ, ಇದನ್ನ ವರ್ಡ್‌ನಲ್ಲಿ ಮಾಡಿದವ್ರಿಗೇ ಗೊತ್ತು ಏನು ಪಾಡು ಅಂತ. ಈ ಅಕ್ಟೋಬರ್‌ನಲ್ಲಿ 0.14 ಬಂತಲ್ಲ, ಅದರಿಂದ ಪಿಡಿಎಫ್‌ಗೆ ಟ್ಯಾಗ್ ತಾನಾಗೇ ಬೀಳುತ್ತೆ, ಅಂದ್ರೆ ಯಾವ್ದು ತಲೆಬರಹ ಯಾವ್ದು ಟೇಬಲ್ಲು ಅಂತ ಸ್ಕ್ರೀನ್ ರೀಡರ್‌ಗೆ ಗೊತ್ತಾಗುತ್ತೆ. ನಮ್ಮಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಓದ್ತಿದಾನೆ, ಅವನಿಗೆ ನೋಟ್ಸ್ ಕೊಡೋವಾಗ ಇದರ ಬೆಲೆ ತಿಳೀತು.

ಒಂದು ಎಚ್ಚರಿಕೆ, ವೇರಿಯಬಲ್ ಫಾಂಟ್ (ತೆಳು, ದಪ್ಪ ಎಲ್ಲಾ ಒಂದೇ ಫೈಲ್‌ನಲ್ಲಿರೋದು) 0.14ರಲ್ಲಿ ಆಗಲ್ಲ. ಗೂಗಲ್ ಫಾಂಟ್ಸ್‌ನಿಂದ ನೋಟೋ ಸೆರಿಫ್ ಕನ್ನಡ ಇಳಿಸ್ಕೊಂಡ್ರೆ ಜಿಪ್ ಒಳಗೆ ಸ್ಟಾಟಿಕ್ ಅನ್ನೋ ಫೋಲ್ಡರ್ ಇರುತ್ತೆ, ಅದರಲ್ಲಿರೋದನ್ನೇ ಹಾಕಿ, ಇಲ್ಲಾಂದ್ರೆ ಬೋಲ್ಡ್ ಬರ್ಲಿಲ್ಲ ಅಂತ ಒದ್ದಾಡ್ತೀರ.

ಟೀಪುಡಿ

ಮೇಡಂ, ಅವರ ವೆಬ್ ಆ್ಯಪ್ ಕ್ಲೋಸ್ಡ್, ಅದರ ಹಿಂದೆ ಕಂಪನಿ ಇದೆ. ವರ್ಷನ್ ಇನ್ನೂ 0 ಪಾಯಿಂಟ್ ಏನೋ, ಪ್ರತಿ ರಿಲೀಸ್‌ಗೂ ಹಳೇ ಫೈಲ್ ಒಂದಿಷ್ಟು ಒಡಿಯುತ್ತೆ. ನಾನು ಆಗಲೇ ಹೇಳಿದ್ದು ಇದನ್ನೇ.

ಗಣಿತದ_ಮೇಡಂ

ವೆಬ್ ಆ್ಯಪ್ ಯಾರಿಗೆ ಬೇಕಿತ್ತು, ಲ್ಯಾಬಲ್ಲಿ ನೆಟ್ಟೇ ಇಲ್ವಲ್ಲ. ಪಿಡಿಎಫ್ ಮಾಡೋ ಕಂಪೈಲರ್ ಅಪಾಚೆ, ಇವತ್ತಿನ ಕೋಡ್ ಕೈಯಲ್ಲಿದೆ, ನಾಳೆ ಅವ್ರು ತಲೆ ತಿರುಗಿಸಿದ್ರೆ ವಾಲ್ಕಿ ತರ ಇನ್ನೊಬ್ರು ಎತ್ಕೋತಾರೆ, ನಿಮ್ಮ ಕಥೇಲೇ ಉತ್ತರ ಇದೆ ನೋಡಿ. ಒಡೆಯೋದು ನಿಜ. ಅದಕ್ಕೆ ಸೆಮಿಸ್ಟರ್ ಮಧ್ಯೆ ವರ್ಷನ್ ಬದಲಾಯಿಸ್ಬೇಡಿ, ಅಷ್ಟೇ.

ಫ್ಲೆಕ್ಸ್‌ಹುಡ್ಗ

ಮೇಡಮ್ಮಾರ, ಹುಡುಗ್ರನ್ನ ಮಧ್ಯಾಹ್ನ ಊಟ ಆದಮ್ಯಾಲ ಕೂಡ್ಸಿ ಪ್ರಶ್ನೆಪತ್ರಿಕೆ ಮಾಡೂದು ತೋರಿಸಿದ್ರ ಹಿಂದಿನ ಬೆಂಚಿನವ್ರು ಮಲಗ್ತಾರ ನೋಡ್ರಿ. ಗಿಂಪ್ ತೋರಿಸಿದ್ರ ಅವತ್ತ ಸಂಜಿಕ ಕಾಲೇಜ್ ಡೇ ಪೋಸ್ಟರ್ ತಯಾರು ಮಾಡ್ತಾರ.

ಲ್ಯಾಬ್‌ಮೇಷ್ಟ್ರು

ಒಳ್ಳೇ ಜಗಳ ಹಚ್ಚಿದ್ರಿ 😄 ನಾನು ಟೈಪ್ಸ್ಟ್ ಕಡೆ ವಾಲ್ತಿದೀನಿ, ಫೈನಲ್ ಇಯರ್‌ನವ್ರ ಪ್ರಾಜೆಕ್ಟ್ ರಿಪೋರ್ಟ್ ಬೇರೆ ಹತ್ರ ಬಂತು, ಗಿಂಪ್ ಫೆಬ್ರವರಿಯಲ್ಲಿ ಕಾಲೇಜ್ ಡೇಗೆ ಮುಂಚೆ ಬೇರೆ ದಿನ ತೋರ್ಸ್ತೀನಿ. ಮೇಡಂ ಎರಡು ಪ್ರಶ್ನೆ. ನಮ್ಮ ಹಳೇ ಪ್ರಶ್ನೆಪತ್ರಿಕೆಗಳೆಲ್ಲ ನುಡಿಯ ಆಸ್ಕಿ ಫಾಂಟ್‌ನಲ್ಲಿವೆ, ಹಂಗೇ ಪೇಸ್ಟ್ ಮಾಡ್ಬಹುದಾ? ಎಕ್ಸಾಮ್ ಸೆಕ್ಷನ್‌ನವ್ರು ಪಿಡಿಎಫ್ ಬೇಡ, ಡಾಕ್ ಫೈಲೇ ಕೊಡಿ ಅಂದ್ರೆ ಏನ್ ಮಾಡೋದು?

ಗಣಿತದ_ಮೇಡಂ

ಪೇಸ್ಟ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತೆ ಸರ್, ಮೊದಲು ಆಸ್ಕಿಯಿಂದ ಯುನಿಕೋಡ್ ಮಾಡೋ ಕನ್ವರ್ಟರ್‌ನಲ್ಲಿ ಹಾಕಿ ತೆಗೀರಿ, ಆಮೇಲೆ ಅರ್ಕಾವೊತ್ತು ಇರೋ ಪದಗಳನ್ನ ಒಂದ್ಸಲ ಕಣ್ಣಾರೆ ನೋಡಿ, ತಪ್ಪೋದು ಅಲ್ಲೇ ಜಾಸ್ತಿ. ಡಾಕ್ ಫೈಲ್‌ಗೆ ಪ್ಯಾನ್‌ಡಾಕ್ ಇದೆ, ಅದೂ ಫ್ರೀನೇ, ಟೈಪ್ಸ್ಟ್ ಫೈಲ್ ಓದಿ ಡಾಕ್ಸ್ ಮಾಡ್ಕೊಡುತ್ತೆ, ಆದ್ರೆ ಅಂಕಗಳನ್ನ ಬಲಗಡೆ ಜೋಡಿಸಿರೋದೆಲ್ಲ ಕದಲುತ್ತೆ, ಅದನ್ನ ಲಿಬ್ರೆಆಫೀಸ್‌ನಲ್ಲಿ ಕೈಯಲ್ಲೇ ಸರಿ ಮಾಡ್ಬೇಕು. ನಾನಾದ್ರೆ ಪ್ರಿಂಟ್ ಹಾಕಿ ಸೀಲ್ಡ್ ಕವರಲ್ಲೇ ಕೊಟ್ಬಿಡ್ತೀನಿ, ಅವ್ರೂ ಸುಮ್ಮನಾಗ್ತಾರೆ.