‘ಪ್ರಿಯಾರಿಟಿ ಕಸ್ಟಮರ್’ ಅಂದರೆ ಯಾರು? ಬ್ಯಾಂಕಿನ ಮಾಜಿ ಆರ್‌ಎಂ (ರಿಲೇಶನ್‌ಶಿಪ್ ಮ್ಯಾನೇಜರ್) ಅವರನ್ನು ಕೇಳಿ

ತುಂಗಾತೀರ: ಸರ್, ಬ್ಯಾಂಕಿನವರು ನನ್ನನ್ನು ‘ಪ್ರಿಯಾರಿಟಿ’ ಮಾಡಿದ್ದಾರೆ. ಖುಷಿಪಡಬೇಕಾ?

ಮಾಜಿ ಆರ್‌ಎಂ: ಕ್ಯೂ ತಪ್ಪುತ್ತದೆ, ಕಾಫಿ ಸಿಗುತ್ತದೆ. ನಿಮ್ಮ ಬ್ಯಾಲೆನ್ಸ್ ಒಂದು ಗೆರೆ ದಾಟಿದೆ, ಟಾರ್ಗೆಟ್ ಇರುವ ಒಬ್ಬರ ಪಟ್ಟಿಗೆ ಸೇರಿದ್ದೀರಿ. ಅಷ್ಟೇ.

ಬಿಸಿಬೇಳೆ: ನಮ್ಮಮ್ಮನಿಗೆ 68. ನಿವೃತ್ತ ಟೀಚರ್, ಊರಲ್ಲಿ ಒಬ್ಬರೇ. ಎಫ್‌ಡಿ ಮುಗಿದ ವಾರವೇ ಆರ್‌ಎಂ ಮನೆಗೆ ಬಂದು, ‘ಎಫ್‌ಡಿ ತರಹವೇ, ಬಡ್ಡಿ ಜಾಸ್ತಿ’ ಅಂತ ಸಹಿ ಹಾಕಿಸಿಕೊಂಡಿದ್ದಾರೆ. ನೋಡಿದರೆ ವಿಮೆ. ವರ್ಷಕ್ಕೆ 4 ಲಕ್ಷ, 10 ವರ್ಷ ಕಟ್ಟಬೇಕು. ಪಾಲಿಸಿ ಕೈಗೆ ಬಂದು 19 ದಿನ.

ಮಾಜಿ ಆರ್‌ಎಂ: 19 ತಾನೆ? ಇವತ್ತೇ ಹೊರಡಿ. ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ‘ಫ್ರೀ ಲುಕ್’ ಇರುತ್ತದೆ, ಬೇಡ ಅಂತ ವಾಪಸ್ ಕೊಡಬಹುದು. ಅಷ್ಟು ದಿನದ ರಿಸ್ಕ್ ಪ್ರೀಮಿಯಂ (ಆ ದಿನಗಳ ವಿಮೆಯ ಬೆಲೆ), ಮೆಡಿಕಲ್ ಟೆಸ್ಟ್, ಸ್ಟ್ಯಾಂಪ್ ಖರ್ಚು ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಅರ್ಜಿಯನ್ನು ಆರ್‌ಎಂ ಕೈಗೆ ಕೊಡಬೇಡಿ. ವಿಮಾ ಕಂಪನಿಗೇ ಕೊಟ್ಟು, ತಾರೀಖು ಹಾಕಿಸಿ ಸೀಲ್ ತಗೊಳ್ಳಿ. ಇ-ಮೇಲೂ ಕಳಿಸಿ. ‘ಮುಂದಿನ ವಾರ ನಾನೇ ಮಾಡಿಸ್ತೀನಿ ಅಮ್ಮಾ’ ಅಂತಾರೆ. 30 ದಿನ ದಾಟಿಸೋಕೆ ಅದು.

ನಮ್ಮ ಕೈಗೆ ಬೆಳಗ್ಗೆ ಎಫ್‌ಡಿ ಮುಗಿಯುವವರ ಪಟ್ಟಿ ಬರುತ್ತಿತ್ತು. ಹೆಸರು, ಮೊತ್ತ, ತಾರೀಖು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆವು: ‘ಒಬ್ಬರೇ’, ‘ಮಗ ಅಮೆರಿಕ’. ಪ್ರಶ್ನೆ ಕೇಳದವರಿಗೆ ‘ಹಾಟ್’ ಅಂತ ಗುರುತು. ನಾನೂ ಬರೆದಿದ್ದೇನೆ.

ಕಾಫಿಪುಡಿ: ಫಾರ್ವರ್ಡ್ ಬಂದಿದೆ: ‘ಒಂದೇ ಬ್ಯಾಂಕಿನ ಒಂದೊಂದು ಬ್ರಾಂಚಲ್ಲೂ 5 ಲಕ್ಷ ಇಡಿ, ಅಷ್ಟಕ್ಕೂ ವಿಮೆ ಉಂಟು. ಎಲ್ಲರಿಗೂ ಕಳಿಸಿ.’

ಮಾಜಿ ಆರ್‌ಎಂ: ಸುಳ್ಳು. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಅದು. ಒಬ್ಬರಿಗೆ ಒಂದು ಬ್ಯಾಂಕಿನ ಎಲ್ಲ ಬ್ರಾಂಚೂ ಸೇರಿ, ಬಡ್ಡಿಯೂ ಸೇರಿ 5 ಲಕ್ಷದವರೆಗೆ ಮಾತ್ರ. ಇದನ್ನು ಇಲ್ಲಿ ಮೂರನೇ ಸಲ ಹೇಳುತ್ತಿದ್ದೇನೆ.

ಸೈಕಲ್ ಸವಾರ: ಲಾಕರ್ ಬೇಕಾದರೆ ಪ್ರಿಯಾರಿಟಿ ಆಗಲೇಬೇಕಾ ಸರ್?

ಕೌಂಟರ್ ನಾಲ್ಕು: ನಾನೂ ಆರ್‌ಎಂ. ಸುಮ್ನೆ ನಮ್ಮನ್ನೇ ಬೈತೀರಿ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದರೆ ಎಲ್ಲರ ಎದುರು ನಿಲ್ಲಿಸಿ ಕೇಳ್ತಾರೆ.

ಬಿಸಿಬೇಳೆ: ಅದಕ್ಕೆ ನಮ್ಮಮ್ಮ ದುಡ್ಡು ಕಟ್ಟಬೇಕಾ?

ಕೌಂಟರ್ ನಾಲ್ಕು: ಸಹಿ ಹಾಕೋ ಮುಂಚೆ ಓದಬೇಕಿತ್ತು.

ಕಾಫಿಪುಡಿ: ಟೀಚರ್ ಅಂತೀರಿ, ಓದೋಕೆ ಬರಲ್ವಾ?

ಬಿಸಿಬೇಳೆ: ಕನ್ನಡ ಟೀಚರ್ ಸ್ವಾಮಿ. ಫಾರ್ಮು ಪೂರ್ತಿ ಇಂಗ್ಲಿಷು, ಇರುವೆ ಗಾತ್ರದ ಅಕ್ಷರ. ನೀವು ಓದ್ತೀರಾ?

ತುಂಗಾತೀರ: ಹಾಗಾದರೆ ಪ್ರಿಯಾರಿಟಿ ಒಳ್ಳೇದಾ, ಕೆಟ್ಟದ್ದಾ?

ಮಾಜಿ ಆರ್‌ಎಂ: ಮೇಲೆ ಓದಿ.

ಸೈಕಲ್ ಸವಾರ: ಸರ್, ಲಾಕರ್??

ಮಾಜಿ ಆರ್‌ಎಂ: ಬಿಸಿಬೇಳೆ ಅವರೇ, ‘ಪಾಲಿಸಿ ಅರ್ಥವಾಗಿದೆಯಾ’ ಅಂತ ಕೇಳೋಕೆ ವಿಮಾ ಕಂಪನಿಯಿಂದ ಅಮ್ಮನಿಗೆ ವೆರಿಫಿಕೇಶನ್ ಕಾಲ್ ಬಂದಿತ್ತಾ?

ಬಿಸಿಬೇಳೆ: ಬಂದಿತ್ತಂತೆ. ಆರ್‌ಎಂ ಪಕ್ಕದಲ್ಲೇ ಕೂತು, ‘ಎಲ್ಲಕ್ಕೂ ಎಸ್ ಅನ್ನಿ’ ಅಂತ ಚೀಟಿಯಲ್ಲಿ ಬರೆದು ತೋರಿಸಿದ್ದರಂತೆ.

ಮಾಜಿ ಆರ್‌ಎಂ: ಆ ಚೀಟಿ ಮನೆಯಲ್ಲೇ ಇದೆಯಾ? ಈಗಲೇ ಫೋನ್ ಮಾಡಿ ಕೇಳಿ.