ಎನ್‌ಐಪಿಟಿಯಲ್ಲಿ ‘ಹೈ ರಿಸ್ಕ್’ ಬಂದಾಗ: ಮುಂಬಯಿ ಬಳಗದ ಪ್ರಶ್ನೋತ್ತರ

ನಿರ್ವಾಹಕಿ: ಮಗುವಿನ ವರ್ಣತಂತುಗಳಲ್ಲಿ ಹೆಚ್ಚುಕಡಿಮೆ ಇರಬಹುದೇ ಎಂದು ತಿಳಿಯಲು ಬಸಿರಿನಲ್ಲಿ ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಪರೀಕ್ಷೆಯ ಬಗ್ಗೆ ಇಂದು ಠಾಣೆಯ ಫೀಟಲ್ ಮೆಡಿಸಿನ್ (ಗರ್ಭದಲ್ಲಿರುವ ಮಗುವಿನ ಆರೋಗ್ಯ) ತಜ್ಞೆಯೊಬ್ಬರು ಉತ್ತರಿಸುತ್ತಾರೆ. ಮೊದಲು ಹಿಂದಿನ ಉತ್ತರಗಳನ್ನು ಓದಿ, ಅನಂತರ ಪ್ರಶ್ನೆ ಹಾಕಿ.

ಮುಲುಂಡ್‌ನ ಸದಸ್ಯೆ: ನಮಸ್ಕಾರ ಮೇಡಂ. ನನಗೆ 27 ವರ್ಷ, ಇದು ಮೊದಲ ಬಸಿರು, ಈಗ 13 ವಾರ. ಎನ್‌ಐಪಿಟಿಯಲ್ಲಿ ಟ್ರೈಸೋಮಿ 13ಕ್ಕೆ (13ನೆಯ ವರ್ಣತಂತು ಎರಡರ ಬದಲು ಮೂರಿರುವ ತೊಂದರೆ) ಹೈ ರಿಸ್ಕ್ ಬಂದಿದೆ. ಸ್ಕ್ಯಾನ್‌ನಲ್ಲಿ ಎನ್‌ಟಿ (ಮಗುವಿನ ಕತ್ತಿನ ಹಿಂದೆ ಕಾಣುವ ದ್ರವದ ದಪ್ಪ) 1.4 ಮಿ.ಮೀ. ಇದೆ, ಮೂಗಿನ ಮೂಳೆ ಕಂಡಿದೆ, ಬೇರೆ ತೊಂದರೆ ಏನನ್ನೂ ಬರೆದಿಲ್ಲ. ಪರೀಕ್ಷೆ ಶೇ. 99 ಸರಿಯಾಗಿರುತ್ತದೆ, ತಡಮಾಡದೆ ತೆಗೆಸಿಬಿಡಿ ಎಂದು ಒಂದು ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟಿದ್ದಾರೆ. ಅತ್ತೆಯವರೂ ಅದನ್ನೇ ಹೇಳುತ್ತಿದ್ದಾರೆ.

ಡಾಕ್ಟರ್: ದಯವಿಟ್ಟು ಆ ಮಾತ್ರೆಯನ್ನು ನುಂಗಬೇಡಿ. ನಿಮ್ಮ ಕೈಯಲ್ಲಿರುವುದು ಅನುಮಾನದ ವರದಿಯೇ ಹೊರತು ರೋಗನಿರ್ಣಯವಲ್ಲ. ಇದೊಂದರ ಮೇಲೆ ಯಾರೂ ಬಸಿರನ್ನು ತೆಗೆಸಬಾರದು.

ಈ ಪರೀಕ್ಷೆಯಲ್ಲಿ ನಾವು ಎಣಿಸುವುದು ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು. 1997ರಲ್ಲಿ ವಿಜ್ಞಾನಿ ಡೆನ್ನಿಸ್ ಲೋ ಮತ್ತು ಸಂಗಡಿಗರು ಭ್ರೂಣದ ಡಿಎನ್‌ಎಯನ್ನು ತಾಯಿಯ ರಕ್ತದಲ್ಲಿ ಗುರುತಿಸಿದರು. ಆದರೆ ಮಗುವಿನದೆಂದು ನಾವು ಕರೆಯುವ ಆ ತುಣುಕುಗಳು ಬಹುಪಾಲು ಮಾಸಿನಿಂದ ಬರುತ್ತವೆ. ಮಾಸಿನ ಒಂದಷ್ಟು ಜೀವಕೋಶಗಳಲ್ಲಿ ಮಾತ್ರ 13ನೆಯ ವರ್ಣತಂತು ಹೆಚ್ಚಾಗಿದ್ದು ಮಗುವಿನಲ್ಲಿ ಎಲ್ಲವೂ ಸರಿಯಾಗಿರುವುದುಂಟು, ಮತ್ತು ಇದು ಡೌನ್ ಸಿಂಡ್ರೋಮ್ ತರುವ 21ನೆಯ ವರ್ಣತಂತಿಗಿಂತ 13ರ ವಿಷಯದಲ್ಲಿ ಹೆಚ್ಚು.

ಲೆಕ್ಕವನ್ನು ಹೀಗೆ ನೋಡಿ. ನಿಮ್ಮ ವಯಸ್ಸಿನ 10,000 ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ನಿಜವಾಗಿ ಟ್ರೈಸೋಮಿ 13 ಇರುತ್ತದೆ, ಪರೀಕ್ಷೆ ತಪ್ಪಾಗಿ ಎಚ್ಚರಿಸುವುದು ಸುಮಾರು ನಾಲ್ವರಿಗೆ ಎಂದು ಇಟ್ಟುಕೊಂಡರೆ, ಹೈ ರಿಸ್ಕ್ ವರದಿ ಹಿಡಿದು ಕಣ್ಣೀರಿಡುವ ಐವರಲ್ಲಿ ನಾಲ್ವರ ಮಗುವಿಗೆ ಆ ತೊಂದರೆ ಇರುವುದಿಲ್ಲ. ಶೇ. 99 ಎನ್ನುವುದು ತೊಂದರೆ ಇರುವವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ ಎಂಬುದರ ಅಂಕಿ, ಅದೂ ಮುಖ್ಯವಾಗಿ 21ರದ್ದು. ಹೈ ರಿಸ್ಕ್ ಬಂದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ತೊಂದರೆ ಇದೆ ಎಂಬುದು ಬೇರೆಯೇ ಲೆಕ್ಕ, ಅದು ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಇದಲ್ಲದೆ ಟ್ರೈಸೋಮಿ 13 ಇರುವ ಬಹುಪಾಲು ಮಕ್ಕಳಲ್ಲಿ ಮೆದುಳು, ಹೃದಯ ಅಥವಾ ಹೊಟ್ಟೆಯ ಗೋಡೆಯ ದೋಷ ಈ ಹೊತ್ತಿಗಾಗಲೇ ಸ್ಕ್ಯಾನ್‌ನಲ್ಲಿ ಕಾಣಿಸುತ್ತದೆ. ನಿಮ್ಮದರಲ್ಲಿ ಕಾಣಿಸಿಲ್ಲ. ಅಷ್ಟರಿಂದ ತೊಂದರೆ ಇಲ್ಲವೆಂದು ನಾನು ಭರವಸೆ ಕೊಡಲಾರೆ, ಆದರೆ ಕಾಯಲು ಅದು ಗಟ್ಟಿ ಕಾರಣ.

ನಾಳೆಯೇ ಸಿವಿಎಸ್ ಮಾಡಿಸೋಣ ಎಂದು ಯಾರಾದರೂ ಹೇಳಬಹುದು. ಅದರಲ್ಲಿ ತೆಗೆಯುವುದೂ ಮಾಸಿನ ಚೂರನ್ನೇ, ಆದ್ದರಿಂದ ಅದೇ ಗೊಂದಲ ಮರುಕಳಿಸಬಹುದು. ನಿಮಗೆ 16ನೆಯ ವಾರದಲ್ಲಿ ಆಮ್ನಿಯೋಸೆಂಟೆಸಿಸ್, ಅಂದರೆ ಮಗುವಿನದೇ ಜೀವಕೋಶಗಳಿರುವ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆ, ಮಾಡಿಸುವುದು ಉತ್ತಮ. ಫಿಶ್ ಎಂಬ ತ್ವರಿತ ಪರೀಕ್ಷೆಯ ವರದಿ ಕೆಲವೇ ದಿನಗಳಲ್ಲಿ, ಎಲ್ಲ ವರ್ಣತಂತುಗಳನ್ನೂ ನೋಡುವ ಕ್ಯಾರಿಯೋಟೈಪ್ ವರದಿ ಎರಡು-ಮೂರು ವಾರದಲ್ಲಿ ಬರುತ್ತದೆ. ಗರ್ಭಪಾತದ ಕಾಯಿದೆಗೆ 2021ರಲ್ಲಿ ಬಂದ ತಿದ್ದುಪಡಿಯ ನಂತರ, ಮಗುವಿನಲ್ಲಿ ತೀವ್ರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರ ದಾಟಿದರೂ ಕಾನೂನಿನಲ್ಲಿ ಅವಕಾಶವಿದೆ. ಸಮಯ ಮೀರುತ್ತದೆ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಈ ಉತ್ತರವನ್ನು ಅತ್ತೆಯವರಿಗೂ ಓದಿಹೇಳಿ.

ಡೊಂಬಿವಲಿಯ ಸದಸ್ಯೆ: ಮೇಡಂ, ಹಾಗಾದರೆ ಶೇ. 99 ಸರಿ ಎನ್ನುವುದು ಸುಳ್ಳೇ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಪನ್ವೇಲ್‌ನ ಸದಸ್ಯರು: ಗಂಡೋ ಹೆಣ್ಣೋ ಎಂಬುದೂ ವರದಿಯಲ್ಲಿ ಇರುತ್ತದೆಯೇ?

ಡಾಕ್ಟರ್: ಇಲ್ಲ. 1994ರ ಪಿಸಿಪಿಎನ್‌ಡಿಟಿ ಕಾಯಿದೆಯ ಪ್ರಕಾರ ಭ್ರೂಣದ ಲಿಂಗ ತಿಳಿಸುವುದು ಅಪರಾಧ.

ವಾಶಿಯ ಸದಸ್ಯೆ: ನನ್ನದು ಐವಿಎಫ್ ಅವಳಿ ಬಸಿರು, ಅಂಡ ದಾನಿಯದು. ನಾನು ಮಾಡಿಸಬಹುದೇ? ಯಾವ ಲ್ಯಾಬ್ ಒಳ್ಳೆಯದು?

ಕಲ್ಯಾಣದ ಸದಸ್ಯೆ: ನೆಂಟರ ಗುಂಪಿನಲ್ಲಿ ಬಂದದ್ದನ್ನು ಹಾಕುತ್ತಿದ್ದೇನೆ. ತಾಮ್ರಭಸ್ಮವನ್ನು ಜೇನುತುಪ್ಪದಲ್ಲಿ 21 ದಿನ ನೆಕ್ಕಿದರೆ ಹೈ ರಿಸ್ಕ್ ಲೋ ರಿಸ್ಕ್ ಆಗುತ್ತದಂತೆ.

ಡಾಕ್ಟರ್: ಆಗುವುದಿಲ್ಲ. ಇಂಥ ತೊಂದರೆಯಲ್ಲಿ ಹೆಚ್ಚಿನ ವರ್ಣತಂತು ಸಾಮಾನ್ಯವಾಗಿ ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗಲೇ ಸೇರಿರುತ್ತದೆ. ಅದನ್ನು ತೆಗೆಯುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಲೋಹದ ಭಸ್ಮಗಳಲ್ಲಿ ಸೀಸ, ಪಾದರಸ ಸೇರಿರಬಹುದು, ಅವು ಮಗುವಿನ ಮೆದುಳಿಗೆ ವಿಷ. ಓದದೆ ಫಾರ್ವರ್ಡ್ ಮಾಡಿದ ಇಂಥ ಸಂದೇಶವನ್ನು ನಂಬಿ ಯಾರಾದರೂ ನುಂಗಿದರೆ ಹೊಣೆ ಯಾರದು? ದಯವಿಟ್ಟು ಅಳಿಸಿ.

ಮಾಟುಂಗಾದ ಸದಸ್ಯರು: ಪರೀಕ್ಷೆ ಸಾವಿರ ಸಲ ತಪ್ಪಾದರೂ ಚಿಂತೆಯಿಲ್ಲ, ಇಂಥ ಮಕ್ಕಳು ಹುಟ್ಟದಿರುವುದೇ ಮನೆಗೆ ಕ್ಷೇಮ.

ಚೆಂಬೂರಿನ ಸದಸ್ಯೆ: ‘ಇಂಥ ಮಕ್ಕಳು’ ಎಂದು ನೀವು ಬರೆದವರಲ್ಲಿ ನನ್ನ ಮಗಳೂ ಒಬ್ಬಳು. ಅವಳಿಗೆ ಡೌನ್ ಸಿಂಡ್ರೋಮ್ ಇದೆ. ಇವತ್ತು ಬೆಳಿಗ್ಗೆ ಶಾಲೆಗೆ ಹೊರಡುವಾಗ ತನ್ನ ಬೂಟಿನ ದಾರವನ್ನು ತಾನೇ ಕಟ್ಟಿಕೊಂಡಳು. ಹಿರಿಯರೆಂದು ಇಷ್ಟು ಹೊತ್ತು ಸುಮ್ಮನಿದ್ದೆ.

ಮಾಟುಂಗಾದ ಸದಸ್ಯರು: ನಾನು ಸಾಮಾನ್ಯವಾಗಿ ಹೇಳಿದೆ, ನೀವು ಮೈಮೇಲೆ ಎಳೆದುಕೊಂಡರೆ ನಾನೇನು ಮಾಡಲಿ? ಖರ್ಚು ಯಾರು ಕೊಡುತ್ತಾರೆ?

ಚೆಂಬೂರಿನ ಸದಸ್ಯೆ: ನಿಮ್ಮನ್ನು ಯಾರೂ ಕೇಳಿಲ್ಲ.

ಡಾಕ್ಟರ್: ಈ ವಾದವನ್ನು ಇಲ್ಲಿಗೆ ನಿಲ್ಲಿಸಿ. ಹೆದರಿದ ಹೆಣ್ಣುಮಗಳೊಬ್ಬಳು ಇದನ್ನೆಲ್ಲ ಓದುತ್ತಿದ್ದಾಳೆ. ಖಚಿತವಾದ ವರದಿ ಬಂದ ಮೇಲೆ ಮುಂದುವರಿಸುವುದೋ ಬಿಡುವುದೋ ಎಂಬ ತೀರ್ಮಾನ ಅವಳದು. ಎರಡಕ್ಕೂ ಅವಳಿಗೆ ಬೇಕಾದದ್ದು ಸರಿಯಾದ ಮಾಹಿತಿ.

ಡೊಂಬಿವಲಿಯ ಸದಸ್ಯೆ: ನನಗೆ ಲೋ ರಿಸ್ಕ್ ಬಂದಿದೆ. ಐದನೆಯ ತಿಂಗಳ ಸ್ಕ್ಯಾನ್ ಬಿಡಬಹುದಲ್ಲವೇ?

ಡಾಕ್ಟರ್: ಬಿಡಬಾರದು. ಬೆನ್ನುಹುರಿ, ಹೃದಯದ ದೋಷಗಳು ಈ ರಕ್ತಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಕೂಡ ಇದರಲ್ಲಿ ಬರುವುದಿಲ್ಲ, ಅದಕ್ಕೆ ಎಚ್‌ಬಿಎ2 ಪರೀಕ್ಷೆ ಬೇರೆ ಇದೆ.

ಮೀರಾ ರೋಡ್‌ನ ಸದಸ್ಯೆ: ಹೈ ರಿಸ್ಕ್ ಎಂದರೆ ಮಗುವಿಗೆ ತೊಂದರೆ ಇದೆ ಎಂದೇ ಅರ್ಥವೇ ಮೇಡಂ?

ಡಾಕ್ಟರ್: ಅಲ್ಲ. ಮೇಲಿನ ಉತ್ತರ ಓದಿ.

ವಾಶಿಯ ಸದಸ್ಯೆ: ನನ್ನ ಪ್ರಶ್ನೆ ಉಳಿದುಹೋಯಿತು. ಜಗಳ ಆಡುವವರಿಗೆ ಮಾತ್ರ ಉತ್ತರವೇ?

ಮುಲುಂಡ್‌ನ ಸದಸ್ಯೆ: ಮೇಡಂ, ಮಾತ್ರೆಯನ್ನು ಹಿಂದಿರುಗಿಸಿದೆವು. ಅತ್ತೆಯವರು ಎರಡು ಸಲ ಓದಿಸಿಕೊಂಡು ಕೇಳಿದರು. ಸೂಜಿ ಹಾಕಿದರೆ ಬಸಿರು ಹೋಗುತ್ತದೆ ಎಂಬ ಹೆದರಿಕೆ ಅವರಿಗೆ ಇನ್ನೂ ಇದೆ. ನನ್ನ ರಕ್ತ ಓ ನೆಗೆಟಿವ್, ಅದರಿಂದ ತೊಂದರೆಯಿದೆಯೇ?

ಡಾಕ್ಟರ್: ನುರಿತ ಕೈಯಲ್ಲಿ ಆ ಅಪಾಯ ಶೇ. 1ಕ್ಕಿಂತ ಬಹಳ ಕಡಿಮೆ. ಓ ನೆಗೆಟಿವ್ ಎಂಬುದನ್ನು ಸೂಜಿ ಹಾಕುವ ಮೊದಲೇ ತಿಳಿಸಿ. ನಿಮ್ಮ ಯಜಮಾನರದು ಪಾಸಿಟಿವ್ ಆಗಿದ್ದರೆ ಸೂಜಿ ಹಾಕಿದ 72 ಗಂಟೆಯೊಳಗೆ, ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ನಿಮ್ಮ ದೇಹ ಪ್ರತಿಕಾಯ ಬೆಳೆಸದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ಅವರ ರಕ್ತದ ಗುಂಪನ್ನು ಈ ವಾರವೇ ಪರೀಕ್ಷಿಸಿ, ಎನ್‌ಐಪಿಟಿ ಮತ್ತು ಸ್ಕ್ಯಾನ್ ವರದಿಗಳ ಜೊತೆಗೆ ಇಟ್ಟುಕೊಳ್ಳಿ.