ಅಮ್ಮನ ಜೊತೆ ‘ಮದರ್’ ನೋಡಬಹುದಾ? ನೋಡಿದವರು ಹೇಳಿ

ಸೀಬೆಗಿಡ (ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 61. ಎರಡು ವರ್ಷದಿಂದ ಕೊರಿಯನ್ ಸೀರಿಯಲ್ ಹುಚ್ಚು. ಹಿಂದಿ ಡಬ್ಬಿಂಗ್‌ನಲ್ಲಿ ನೋಡುತ್ತಾರೆ. ಹಿಂದಿ ಅರ್ಧಂಬರ್ಧ ಬರುತ್ತೆ, ಉಳಿದದ್ದನ್ನು ಮುಖ ನೋಡಿ ಊಹಿಸಿಕೊಳ್ಳುತ್ತಾರೆ. ಈಗ ಹೊಸ ಬೇಡಿಕೆ: “ಈ ಲವ್ವು ಸಾಕು, ಕೊಲೆ ಗಿಲೆ ಇರೋದು ಹಾಕು. ಆದ್ರೆ ಮನೆಯವರ ಕತೆ ಇರಬೇಕು.”

ಆಫೀಸಿನಲ್ಲಿ ಒಬ್ಬರು 2009ರ ‘ಮದರ್’ ಹೇಳಿದರು. ‘ಪ್ಯಾರಾಸೈಟ್’ ಮಾಡಿದ ಬಾಂಗ್ ಜೂನ್-ಹೋ ಅವರದ್ದೇ ಅಂತೆ. ಮಗನನ್ನು ಕೊಲೆ ಕೇಸಿನಲ್ಲಿ ಹಿಡಿಯುತ್ತಾರೆ, ತಾಯಿ ಬಿಡಿಸೋಕೆ ಓಡಾಡುತ್ತಾಳೆ ಅನ್ನುವವರೆಗೆ ಗೊತ್ತು.

ಒಂದೇ ಅಳುಕು. ಆ ಮಗ ಬುದ್ಧಿಯಲ್ಲಿ ಸ್ವಲ್ಪ ನಿಧಾನವಂತೆ. ನನ್ನ ತಮ್ಮನೂ ಹಾಗೇ. ಅವನಿಗೀಗ 26, ಪರಿಚಯದವರ ಅಂಗಡಿಯಲ್ಲಿ ಪೇಪರ್ ಕವರ್ ಅಂಟಿಸುತ್ತಾನೆ. ಅವನನ್ನು ಬಿಟ್ಟು ಅಮ್ಮ ಒಂದು ರಾತ್ರಿಯೂ ಬೇರೆ ಊರಲ್ಲಿ ಉಳಿದವರಲ್ಲ. ಇದನ್ನು ತೋರಿಸಿದರೆ ಏನಾದರೂ ಎಡವಟ್ಟಾಗುತ್ತಾ? ನಿಮ್ಮ ಅನುಭವ ಹೇಳಿ. ಕತೆ ಗೊತ್ತಾದರೂ ಪರವಾಗಿಲ್ಲ.

ಹುಬ್ಬಳ್ಳಿ ಮಿರ್ಚಿ:

ಅಕ್ಕಾರೆ, ಮನೆಮಂದಿ ಎಲ್ಲ ಕೂತು ನೋಡುವ ಸಿನಿಮಾ ಅಲ್ಲ ಇದು. ನಾನು ದಸರಾ ರಜೆಯಲ್ಲಿ ಅಪ್ಪ, ಅವ್ವ, ಅತ್ತೆ ಎಲ್ಲರನ್ನೂ ಕೂರಿಸಿ ಹಾಕಿದೆ. ಮಗ ಬಸ್ ಸ್ಟಾಪಿನ ಗೋಡೆಗೆ ಮೂತ್ರ ಮಾಡುತ್ತಿರುತ್ತಾನೆ, ತಾಯಿ ಪಕ್ಕದಲ್ಲೇ ನಿಂತು ಬಟ್ಟಲಲ್ಲಿ ಕಷಾಯ ಕುಡಿಸುತ್ತಾಳೆ. ಅಪ್ಪ ಅಲ್ಲಿಗೇ ಎದ್ದು ಹೋದರು. ಆಮೇಲೆ ಮಗನ ಗೆಳೆಯ ಜಿನ್-ತೇ ಮತ್ತು ಒಂದು ಹುಡುಗಿಯ ಹಾಸಿಗೆ ದೃಶ್ಯ ಬಂತು. ರಿಮೋಟ್ ಸೋಫಾ ಸಂದಿಯಲ್ಲಿ ಬಿದ್ದಿತ್ತು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ದೃಶ್ಯವೇ ಮುಗಿದಿತ್ತು. ಅತ್ತೆ ಇವತ್ತಿಗೂ ಕೇಳುತ್ತಾರೆ, “ಮತ್ತ ಯಾವಾಗ ಸಿನಿಮಾ ಹಾಕ್ತೀಯೋ?”

ಸಿನಿಮಾ ಮಾತ್ರ ಭಾರಿ ಅದ. ಅದರಲ್ಲಿ ಎರಡು ಮಾತಿಲ್ಲ.

ರಾತ್ರಿಪಾಳಿ:

ಮೇಲಿನವರ ಮಾತು ಸರಿ, ಗುಂಪಿನಲ್ಲಿ ಬೇಡ. ಇಬ್ಬರೇ ಆದರೆ ನೋಡಬಹುದು. ಕೊರಿಯನ್ ಕ್ರೈಂ ಸಿನಿಮಾ ಅಂದ ತಕ್ಷಣ ಮಚ್ಚು, ಸುತ್ತಿಗೆ ಅಂತ ಹೆದರುವವರಿಗೆ ಹೇಳುತ್ತೇನೆ, ಇದರಲ್ಲಿ ರಕ್ತ ಕಡಿಮೆ. ಒಂದು ಕಡೆ ಮಾತ್ರ ಜೋರಾಗಿದೆ. ಹೆದರಿಸುವುದು ಬೇರೆ ವಿಷಯ.

ಒಂದು ದೃಶ್ಯ ಹೇಳುತ್ತೇನೆ. ಜಿನ್-ತೇನೇ ಕೊಲೆಗಾರ ಅಂತ ಅನುಮಾನ ಬಂದು ಆ ತಾಯಿ ಅವನ ಮನೆಗೆ ನುಗ್ಗುತ್ತಾಳೆ. ಅಷ್ಟರಲ್ಲಿ ಅವನೇ ಬಂದುಬಿಡುತ್ತಾನೆ. ಇವಳು ಬಟ್ಟೆಗಳ ಹಿಂದೆ ಅಡಗುತ್ತಾಳೆ. ಅವನು ನೆಲದ ಮೇಲೆ ಮಲಗಿ ನಿದ್ದೆಹೋದ ಮೇಲೆ ತುದಿಗಾಲಲ್ಲಿ ಹೊರಡುತ್ತಾಳೆ. ಕಾಲು ತಾಗಿ ನೀರಿನ ಬಾಟಲಿ ಉರುಳುತ್ತೆ. ನೀರು ನೆಲದ ಮೇಲೆ ನಿಧಾನಕ್ಕೆ ಹರಡುತ್ತಾ ಅವನ ಬೆರಳಿನ ಕಡೆ ಹೋಗುತ್ತೆ. ಅಷ್ಟೇ. ಚಾಕು ಇಲ್ಲ, ಕಿರುಚಾಟ ಇಲ್ಲ. ನನಗೆ ಉಸಿರು ಬಿಡೋಕೆ ಆಗಲಿಲ್ಲ.

ಇಷ್ಟು ಕಷ್ಟಪಟ್ಟು ಅವಳು ಅಲ್ಲಿಂದ ತಂದ ಸಾಕ್ಷಿ ಒಂದು ಗಾಲ್ಫ್ ಕೋಲು. ಅದರ ಮೇಲಿನ ಕೆಂಪು ಕಲೆ ರಕ್ತ ಅಂತ ಪೊಲೀಸರಿಗೆ ಕೊಡುತ್ತಾಳೆ. ನೋಡಿದರೆ ಲಿಪ್‌ಸ್ಟಿಕ್! ನಗು ಬರುತ್ತೆ. ಆಮೇಲೆ ನಕ್ಕಿದ್ದಕ್ಕೆ ಬೇಜಾರೂ ಆಗುತ್ತೆ. ಇಡೀ ಸಿನಿಮಾ ಹೀಗೇ.

ಸುವಾನ್‌ನಿಂದ ವಾಪಸ್:

ನಾನು ಕೆಲಸದ ಮೇಲೆ ನಾಲ್ಕು ವರ್ಷ ಕೊರಿಯಾದ ಸುವಾನ್‌ನಲ್ಲಿದ್ದೆ. ನಮಗೆ ಹೊರಗಿನಿಂದ ಗೊತ್ತಾಗದ ಒಂದೆರಡು ವಿಷಯ ಹೇಳುತ್ತೇನೆ.

ತಾಯಿಯ ಪಾತ್ರ ಮಾಡಿರುವುದು ಕಿಮ್ ಹ್ಯೇ-ಜಾ. 1980ರಿಂದ 2002ರವರೆಗೆ ಓಡಿದ ಒಂದು ಹಳ್ಳಿ ಧಾರಾವಾಹಿಯಲ್ಲಿ ಒಳ್ಳೆಯ ತಾಯಿಯಾಗಿ ಮನೆಮನೆಗೂ ಪರಿಚಯ ಆದವರು. ಇಡೀ ದೇಶಕ್ಕೇ ಅಮ್ಮ ಅನ್ನಿಸಿಕೊಂಡವರು. ಬಾಂಗ್ ಈ ಕತೆ ಬರೆದದ್ದೇ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮಲ್ಲಿ ಪಂಡರಿಬಾಯಿ ಅವರ ಕೈಯಲ್ಲಿ ಇಂಥ ಪಾತ್ರ ಮಾಡಿಸಿದ್ದರೆ ಹೇಗಿರುತ್ತಿತ್ತು ಅಂತ ಯೋಚಿಸಿ. ನಮ್ಮ ಓನರ್ ಅಜ್ಜಿ ಹೇಳುತ್ತಿದ್ದರು, “ಅವಳು ಹಾಗೆ ಮಾಡಿದ್ದು ನೋಡಿ ನನಗೆ ಸಿಟ್ಟೇ ಬಂತು” ಅಂತ. ಪಕ್ಕದ ಮನೆಯವಳು ಮೋಸ ಮಾಡಿದ ಹಾಗೆ ಹೇಳೋರು.

ಹೆಸರಿನಲ್ಲೂ ಒಂದು ಕಿತಾಪತಿ ಇದೆ. ಕೊರಿಯನ್ನಲ್ಲಿ ಅಮ್ಮನಿಗೆ ‘ಒಮ್ಮಾ’ ಅನ್ನುತ್ತಾರೆ, ಹೆಚ್ಚುಕಡಿಮೆ ನಮ್ಮ ಥರಾನೇ. ಆದರೆ ಸಿನಿಮಾಕ್ಕೆ ಇಂಗ್ಲಿಷ್ ಪದವನ್ನೇ ಕೊರಿಯನ್ ಅಕ್ಷರದಲ್ಲಿ ಬರೆದು ಇಟ್ಟಿದ್ದಾರೆ. ಅವರ ಬಾಯಲ್ಲಿ ‘ಮದರ್’ ಮತ್ತು ‘ಮರ್ಡರ್’ ಸುಮಾರು ಒಂದೇ ಥರ ಕೇಳುತ್ತವೆ.

ಕೊನೆಯಲ್ಲಿ ಒಂದು ಬಸ್ ಬರುತ್ತೆ. ಅಲ್ಲಿ ಮಕ್ಕಳು ವಯಸ್ಸಾದ ಹೆತ್ತವರನ್ನು ಇಂಥ ಟೂರಿಗೆ ಕಳಿಸುವುದು ರೂಢಿ. ‘ಹ್ಯೋದೋ’ ಪ್ರವಾಸ ಅಂತಾರೆ, ಹ್ಯೋದೋ ಅಂದರೆ ಹೆತ್ತವರ ಸೇವೆ. ಬಸ್ಸಿನ ನಡುದಾರಿಯಲ್ಲಿ ಹೆಂಗಸರು ಎದ್ದು ಕುಣಿಯುವುದೂ ಮಾಮೂಲು. ಅಮ್ಮನಿಗೆ ಇಷ್ಟು ಮೊದಲೇ ಹೇಳಿರಿ, ಆ ದೃಶ್ಯ ಎರಡು ಪಟ್ಟು ತಟ್ಟುತ್ತೆ.

ಶಿವಮೊಗ್ಗದ ಆಂಟಿ:

ನೋಡಮ್ಮ, ನಾನೇ ಅಂಥ ಮಗನ ತಾಯಿ. ಅವನಿಗೆ 22. ನನ್ನ ದೊಡ್ಡ ಮಗಳು ನನ್ನಿಂದ ಈ ಸಿನಿಮಾ ಮುಚ್ಚಿಟ್ಟಿದ್ದಳು. ಅವಳಿಲ್ಲದಾಗ ನಾನೇ ಹಾಕಿಕೊಂಡು ನೋಡಿದೆ. ಕತೆ ಪೂರ್ತಿ ಹೇಳಿಬಿಡುತ್ತೇನೆ. ಬೇಡದವರು ಇಲ್ಲಿಗೆ ನಿಲ್ಲಿಸಿ.

ನೀನು ಹೆದರಿರುವ ಜಾಗದಲ್ಲಿ ನನಗೆ ಏನೂ ಆಗಲಿಲ್ಲ. ಆ ಹುಡುಗ ದೋ-ಜುನ್‌ನನ್ನು ಪೆದ್ದ ಅಂದರೆ ಮೈಮೇಲೆ ಬೀಳುತ್ತಾನೆ. ಒಂದು ಹೊಡೆದರೆ ಎರಡು ಹೊಡಿ ಅಂತ ಹೇಳಿಕೊಟ್ಟವಳು ತಾಯಿಯೇ. ನಾನು ನನ್ನ ಮಗನಿಗೆ ಯಾರೇ ಏನಂದರೂ ಸುಮ್ನೆ ಮನೆಗೆ ಬಂದುಬಿಡು ಅಂತ ಹೇಳಿಕೊಟ್ಟಿದ್ದೇನೆ. ಯಾವುದು ಸರಿ ಅಂತ ಇಷ್ಟು ವರ್ಷ ಆದರೂ ನನಗೆ ಗೊತ್ತಾಗಿಲ್ಲ.

ನನಗೆ ಮೊದಲು ಚುಚ್ಚಿದ್ದು ಒಂದು ಚೆಂಡು. ದೋ-ಜುನ್ ಗಾಲ್ಫ್ ಮೈದಾನದಲ್ಲಿ ಆರಿಸಿದ ಚೆಂಡಿನ ಮೇಲೆ ತನ್ನ ಹೆಸರು ಬರೆದುಕೊಂಡಿರುತ್ತಾನೆ. ಸತ್ತ ಹುಡುಗಿಯ ಹತ್ತಿರ ಅದೇ ಚೆಂಡು ಸಿಗುತ್ತೆ, ಪೊಲೀಸರಿಗೆ ಅಷ್ಟು ಸಾಕು. ನನ್ನ ಮಗನಿಗೆ ಹೆಸರು ಬರೆಯಲು ಕಲಿಸೋಕೆ ನನಗೆ ಒಂದೂವರೆ ವರ್ಷ ಬೇಕಾಯಿತು. ಕಲಿತ ಮೇಲೆ ಅವನು ಬರೆಯದ ಜಾಗ ಇಲ್ಲ. ಗ್ಯಾಸ್ ಸಿಲಿಂಡರ್, ಬಕೆಟ್ಟಿನ ತಳ, ಪಕ್ಕದ ಮನೆಯವರ ಕಾಂಪೌಂಡು. ಆ ಚೆಂಡು ಕಂಡ ಕೂಡಲೇ ಟಿವಿ ನಿಲ್ಲಿಸಿ ಒಳಗೆ ಹೋಗಿ ನೀರು ಕುಡಿದು ಬಂದೆ.

ಇನ್ನೊಂದು ಜಾಗಕ್ಕೆ ನಿಮ್ಮಮ್ಮನನ್ನು ತಯಾರು ಮಾಡಬೇಕು. ಜೈಲಿನಲ್ಲಿ ಅವನಿಗೆ ಹಳೆಯದೊಂದು ನೆನಪಾಗುತ್ತೆ. ಐದು ವರ್ಷದವನಿದ್ದಾಗ ತಾಯಿ ಹೊಲದ ಔಷಧಿ ಬೆರೆಸಿ ಕುಡಿಸಿರುತ್ತಾಳೆ. ಅವನನ್ನು ಮುಗಿಸಿ ತಾನೂ ಹೋಗೋಣ ಅಂತ. ಗಾಜಿನ ಆಚೆ ಕೂತು ಅವನು ಅದನ್ನು ತಣ್ಣಗೆ ಹೇಳುತ್ತಾನೆ. ನಮ್ಮಂಥವರ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆ ಯೋಚನೆ ಒಂದು ರಾತ್ರಿಯಾದರೂ ಬಾರದ ಮನೆ ಕಡಿಮೆ. ಈ ಭಾಗ ಅಮ್ಮ ಒಬ್ಬರೇ ಇದ್ದಾಗ ನೋಡದಿರಲಿ. ನೀನು ಪಕ್ಕದಲ್ಲಿ ಕೂತಿರು.

ಕಡೆಗೆ ಏನಾಗುತ್ತೆ ಅಂದರೆ, ಮಗನೇ ಮಾಡಿರುತ್ತಾನೆ. ಕತ್ತಲಲ್ಲಿ ಆ ಹುಡುಗಿ ಕಲ್ಲು ಎಸೆದು ಪೆದ್ದ ಅಂದಳು, ಇವನು ಅದೇ ಕಲ್ಲನ್ನು ವಾಪಸ್ ಎಸೆದ. ಅದನ್ನು ಕಂಡವನು ಒಬ್ಬ ಗುಜರಿ ಆಯುವ ಮುದುಕ. ತಾಯಿ ಅವನನ್ನು ಕೊಂದು ಗುಡಿಸಲಿಗೆ ಬೆಂಕಿ ಇಡುತ್ತಾಳೆ. ಎಲ್ಲರೂ ಇದನ್ನೇ ತಾಯಿಪ್ರೀತಿ ಅಂತ ಬರೆಯುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಸತ್ತ ಹುಡುಗಿಗೂ ಮನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿ ಇದ್ದಳು. ಆ ಹುಡುಗಿ ಮೈ ಒಪ್ಪಿಸಿ ಅಕ್ಕಿ ತಂದು ಆ ಅಜ್ಜಿಯನ್ನು ಸಾಕುತ್ತಿದ್ದಳು. ಅವಳದ್ದೂ ಮನೆಯವರ ಮೇಲಿನ ಪ್ರೀತಿಯೇ ಅಲ್ವಾ? ಅದಕ್ಕೆ ಯಾರೂ ಹೆಸರಿಡಲಿಲ್ಲ.

ಆಮೇಲೆ ಪೊಲೀಸರು ಇನ್ನೊಬ್ಬನನ್ನು ಹಿಡಿಯುತ್ತಾರೆ. ಜೋಂಗ್-ಪಾಲ್. ಡೌನ್ ಸಿಂಡ್ರೋಮ್ ಇರುವ ಹುಡುಗ, ಪೂರ್ತಿ ಅಮಾಯಕ. ತಾಯಿ ಅವನನ್ನು ನೋಡಲು ಹೋಗುತ್ತಾಳೆ. “ನಿನಗೆ ಅಪ್ಪ ಅಮ್ಮ ಇದ್ದಾರಾ? ಅಮ್ಮ ಇಲ್ಲವಾ?” ಅಂತ ಕೇಳಿ ಅಳುತ್ತಾಳೆ. ಅಷ್ಟೇ. ನಿಜ ಹೇಳುವುದಿಲ್ಲ. ಎದ್ದು ಬರುತ್ತಾಳೆ.

ಮಗಳೇ, ನಾನು ಅವತ್ತು ದೋ-ಜುನ್ ಅಮ್ಮನಾಗಿ ಸಿನಿಮಾ ನೋಡೋಕೆ ಕೂತಿದ್ದೆ. ಎದ್ದಾಗ ಜೋಂಗ್-ಪಾಲ್‌ನ ಇಲ್ಲದ ಅಮ್ಮನಾಗಿದ್ದೆ. ನಾನು ಹೋದ ಮೇಲೆ ನನ್ನ ಮಗ ಇವನೇ ತಾನೇ. ಹದಿನೆಂಟು ತುಂಬಿದವರಿಗೆ ಕಾನೂನು ಪ್ರಕಾರ ಪಾಲಕರನ್ನು ನೇಮಿಸಿಕೊಳ್ಳಬಹುದು ಅಂತ ಗೊತ್ತಿತ್ತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ, ಜಿಲ್ಲಾಧಿಕಾರಿಗಳ ಸಮಿತಿ, ಎಲ್ಲಾ ಕೇಳಿದ್ದೆವು. ನಾಲ್ಕು ವರ್ಷ ಇವತ್ತು ನಾಳೆ ಅಂತಲೇ ಕಳೆದಿದ್ದೆವು. ಆ ವಾರವೇ ಯಜಮಾನರನ್ನು ಎಬ್ಬಿಸಿಕೊಂಡು ಹೋಗಿ ಅರ್ಜಿ ಹಾಕಿಸಿದೆ. ನಿಮ್ಮ ತಮ್ಮನದ್ದು ಆಗಿದೆಯಾ? ಸಿನಿಮಾ ಇರಲಿ, ಮೊದಲು ಅದನ್ನು ನೋಡು.

ಕಣ್ಣೀರಧಾರೆ:

ಇಷ್ಟು ಭಾರ ಬೇಡ ಅಂದರೆ ‘ಮಿರಾಕಲ್ ಇನ್ ಸೆಲ್ ನಂಬರ್ 7’ ಹಾಕಿ, 2013ರದ್ದು. ಅದರಲ್ಲೂ ಬುದ್ಧಿ ಬೆಳೆಯದ ಅಪ್ಪ, ಸುಳ್ಳು ಕೇಸು, ಜೈಲು. ಆದರೆ ಪುಟ್ಟ ಮಗಳು ಇದ್ದಾಳೆ, ನಗು ಇದೆ. ರಮೇಶ್ ಅರವಿಂದ್ ಅವರ ನೂರನೇ ಸಿನಿಮಾ ‘ಪುಷ್ಪಕ ವಿಮಾನ’ಕ್ಕೆ (2017) ಅದೇ ಸ್ಫೂರ್ತಿ. ಅಮ್ಮ ಅದನ್ನು ನೋಡಿದ್ದರೆ ಕತೆ ಹೇಳೋ ಕೆಲಸವೂ ಉಳಿಯಿತು. ಟವೆಲ್ ಹತ್ತಿರ ಇಟ್ಟುಕೊಳ್ಳಿ, ಕರವಸ್ತ್ರ ಸಾಲಲ್ಲ.

ಸೀಬೆಗಿಡ (ಕೇಳಿದವರು):

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ರಾತ್ರಿ ಮೊದಲು ನಾನೊಬ್ಬಳೇ ನೋಡಿದೆ. ಭಾನುವಾರ ಮಧ್ಯಾಹ್ನ ತಮ್ಮನನ್ನು ಸೋದರಮಾವನ ಮನೆಗೆ ಕಳಿಸಿ ಅಮ್ಮನನ್ನು ಕೂರಿಸಿದೆ. ಸಬ್‌ಟೈಟಲ್ ಓಡುತ್ತಿತ್ತು, ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಎರಡು ಗಂಟೆ ಚಿಲ್ಲರೆಯ ಸಿನಿಮಾ ನಮಗೆ ಮೂರೂವರೆ ಗಂಟೆ ಹಿಡಿಯಿತು. ರಿಮೋಟ್ ಕೈಯಲ್ಲೇ ಇತ್ತು, ಹುಬ್ಬಳ್ಳಿಯವರಿಗೆ ವಿಶೇಷ ಧನ್ಯವಾದ.

ಶುರುವಿನಲ್ಲೇ ಆ ತಾಯಿ ಮೇವು ಕತ್ತರಿಸುವಂಥ ದೊಡ್ಡ ಕತ್ತಿಯಲ್ಲಿ ಬೇರು ಕತ್ತರಿಸುತ್ತಾ, ರಸ್ತೆ ಆಚೆ ನಿಂತ ಮಗನ ಮೇಲೆ ಕಣ್ಣಿಟ್ಟಿರುತ್ತಾಳಲ್ಲ, ನಮ್ಮಮ್ಮ ಟಿವಿಗೇ ಹೇಳಿದರು: “ಕೈ ನೋಡ್ಕೊಳ್ಳೇ, ಕೈ ನೋಡ್ಕೋ!” ಬೆರಳು ಕುಯ್ದುಕೊಂಡ ಮೇಲೆ “ನಾ ಹೇಳ್ಲಿಲ್ವಾ” ಅಂದರು. ನೀರಿನ ಬಾಟಲಿ ಉರುಳಿದಾಗ ನೆಲದ ಮೇಲಿದ್ದ ಎರಡೂ ಕಾಲು ಸೋಫಾ ಮೇಲೆ ಎತ್ತಿಕೊಂಡರು.

ಔಷಧಿ ವಿಷಯ ಬಂದಾಗ ನಾನು ಕನ್ನಡದಲ್ಲಿ ಹೇಳಲಿಲ್ಲ. ಹೇಳುವುದು ಬೇಕಾಗಲೂ ಇಲ್ಲ. ಅಮ್ಮ ನನ್ನ ಮುಖ ನೋಡಲಿಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಿದ್ದರು.

ಬಸ್ಸಿನಲ್ಲಿ ಆ ತಾಯಿ ಎಲ್ಲಾ ಮರೆಯೋಕೆ ತೊಡೆಗೆ ಅಕ್ಯುಪಂಕ್ಚರ್ ಸೂಜಿ ಚುಚ್ಚಿಕೊಂಡು, ಎದ್ದು, ಉಳಿದ ಹೆಂಗಸರ ನಡುವೆ ಕುಣಿಯುವವರೆಗೂ ಒಂದು ಮಾತಿಲ್ಲ. ಸಂಜೆ ಬಿಸಿಲಿಗೆ ಯಾರು ಯಾವ ತಾಯಿ ಅಂತ ಗೊತ್ತೇ ಆಗುವುದಿಲ್ಲ ಅಲ್ಲಿ. ಮುಗಿದ ಮೇಲೆ ಎದ್ದು ಕಾಫಿಗೆ ಇಟ್ಟರು. ತಮ್ಮನ ಬಗ್ಗೆ ಏನಾದರೂ ಹೇಳುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅಡುಗೆಮನೆಯಿಂದಲೇ ಕೇಳಿದರು: “ಆ ಇನ್ನೊಂದು ಹುಡುಗನ್ನ ಆಮೇಲೆ ಬಿಟ್ರಂತಾ?”

ಸಿನಿಮಾದಲ್ಲಿ ಅದನ್ನು ತೋರಿಸಲ್ಲಮ್ಮ ಅಂದೆ.

“ನೀನು ಅದ್ಯಾರನ್ನೋ ಕೇಳ್ತಿದ್ದೆಯಲ್ಲ, ಅವರಿಗೆ ಗೊತ್ತಿರುತ್ತೆ, ಕೇಳು” ಅಂದರು. ಅದಕ್ಕೇ ಕೇಳುತ್ತಿದ್ದೇನೆ.